ಎಂ. ಜೆ. ತಿರುಮಲಾಚಾರ್

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂತಹ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಭತ್ತದ ಹುಲ್ಲನ್ನು ಮೆದೆ ಒಟ್ಟುವುದು ವಾಡಿಕೆ. ಅಕಾಲದ ಮಳೆಗೆ ಸಿಕ್ಕಿ ನೆನೆದ ಮೆದೆಯನ್ನು ಕೆಲವು ದಿನಗಳ ಬಳಿಕ ಕಿತ್ತರೆ, ಒಳಗಿನಿಂದ ಬೂದು ಹಸಿರು ಬಣ್ಣದ ಧೂಳು ಹೊಗೆಯಂತೆ ಮೇಲೇಳುತ್ತದೆ. ಅದು ಬರಿಯ ಮಣ್ಣಿನ ಧೂಳಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಬೀಜಕಗಳಿವೆ. ನಾವು ಬೂಷ್ಟು ಎಂದು ಕರೆಯುವ ಶಿಲೀಂಧ್ರಗಳು ತಮ್ಮ ಸಂತಾನವನ್ನು ಗಾಳಿಗೆ ತೂರುವ ಬಗೆ ಇದು. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಗಳು ಎಷ್ಟು ಸಣ್ಣವೆಂದರೆ, ಒಂದು ಮಿಲಿಮೀಟರ್ ಉದ್ದದಲ್ಲಿ ಮುನ್ನೂರಕ್ಕೂ ಹೆಚ್ಚನ್ನು ಸಾಲಾಗಿ ಇಡಬಹುದು. ಆದುದರಿಂದ ಅವು ಮೂಗು ಗಂಟಲುಗಳನ್ನು ದಾಟಿ ಶ್ವಾಸಕೋಶದ ಕೊನೆಯ ಕೋಣೆಗಳವರೆಗೂ ಸಲೀಸಾಗಿ ಇಳಿಯುತ್ತವೆ. ಆರೋಗ್ಯವಂತರಲ್ಲಿ ದೇಹವು ಅವುಗಳನ್ನು ಅಲ್ಲಿಯೇ ನಾಶಮಾಡಿಬಿಡುತ್ತದೆ. ಕ್ಷಯರೋಗದಿಂದಲೋ ಬೇರೆ ಕಾರಣದಿಂದಲೋ ಶ್ವಾಸಕೋಶ ಶಿಥಿಲವಾಗಿದ್ದವರಲ್ಲಿ ಅವು ಬೇರೂರಿ ಬೆಳೆಯುವುದುಂಟು.

ಹೀಗೆ ಬೆಳೆದ ರೋಗದ ಲಕ್ಷಣಗಳಾದರೂ ಯಾವುವು? ತಿಂಗಳುಗಟ್ಟಲೆ ಬಿಡದ ಕೆಮ್ಮು, ಜ್ವರ, ದಿನದಿನಕ್ಕೆ ಇಳಿಯುವ ಮೈತೂಕ, ಕಫದಲ್ಲಿ ರಕ್ತ. ಇವು ಕ್ಷಯರೋಗದ ಲಕ್ಷಣಗಳೇ ಅಲ್ಲವೆ? ಇಂತಹ ರೋಗಿಯನ್ನು ಕ್ಷಯರೋಗಿಯೆಂದು ಬಗೆದು ಔಷಧ ಕೊಟ್ಟರೆ ಆ ಔಷಧ ಶಿಲೀಂಧ್ರವನ್ನು ತಾಕುವುದಿಲ್ಲ. ರೋಗ ವಾಸಿಯಾಗದಿದ್ದಾಗ, ಕ್ಷಯದ ರೋಗಾಣು ಔಷಧಕ್ಕೆ ಬಗ್ಗದಂತಾಗಿದೆ ಎಂದು ತಪ್ಪಾಗಿ ಎಣಿಸಿ ಮತ್ತಷ್ಟು ಪ್ರಬಲವಾದ ಔಷಧಗಳನ್ನು ಕೊಡುವ ಸಂಭವವೂ ಉಂಟು. ಮನುಷ್ಯನ ಒಡಲೊಳಗೆ ಸೇರಿದ ಶಿಲೀಂಧ್ರಕ್ಕೆ ಮದ್ದು ಯಾವುದು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ವೈದ್ಯರಲ್ಲಿ ಸರಿಯಾದ ಉತ್ತರವಿರಲಿಲ್ಲ. ಆ ಉತ್ತರವನ್ನು ಭಾರತದ ಮಣ್ಣಿನಲ್ಲಿ ಅರಸಿದವರಲ್ಲಿ ಮೊದಲಿಗರಾಗಿ ನಿಲ್ಲುವವರು ಮೈಸೂರು ನಾಡಿನ ಶಿಲೀಂಧ್ರ ವಿಜ್ಞಾನಿ ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ ಅವರು.

ತಿರುಮಲಾಚಾರ್ ಅವರು ಜನಿಸಿದ್ದು 1914ರಲ್ಲಿ. ಮಂಡಯಂ ಎಂಬುದು ಮಂಡ್ಯ, ಮೇಲುಕೋಟೆಗಳೊಡನೆ ಶತಮಾನಗಳ ನಂಟುಳ್ಳ ಶ್ರೀವೈಷ್ಣವ ಮನೆತನಗಳ ಹೆಸರು. ಆಗ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಮೈಸೂರು ಜಿಲ್ಲೆಯ ಒಂದು ಭಾಗವಾಗಿದ್ದು, 1939ರಲ್ಲಿ ಬೇರೆ ಜಿಲ್ಲೆಯಾಯಿತು. ಅವರು ಹುಟ್ಟಿದ ಕಾಲದ ಮೈಸೂರು ಸಂಸ್ಥಾನದಲ್ಲಿ ಬೆಳೆಗಳ ರೋಗಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸುವ ಕಾರ್ಯ ಆಗಷ್ಟೇ ಆರಂಭವಾಗಿತ್ತು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಸಂಸ್ಥಾನದ ಸೇವೆಗೆ ಬಂದು, ಮಲೆನಾಡಿನ ಅಡಕೆ ತೋಟಗಳನ್ನು ಹಾಳುಗೆಡವುತ್ತಿದ್ದ ಕೊಳೆರೋಗಕ್ಕೆ ಶಿಲೀಂಧ್ರ ವರ್ಗದ ಜೀವಿಯೇ ಕಾರಣವೆಂದು ತೋರಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣದಿಂದ ಅದನ್ನು ತಡೆಯುವ ಕ್ರಮವನ್ನು ರೂಢಿಗೆ ತಂದಿದ್ದರು. ಎಂ. ಜೆ. ನರಸಿಂಹನ್ ಅವರು ಇದೇ ಕೃಷಿ ಇಲಾಖೆಯಲ್ಲಿ ಶಿಲೀಂಧ್ರ ತಜ್ಞರಾಗಿ ಹೆಸರು ಪಡೆದರು. ಹೀಗೆ ತಿರುಮಲಾಚಾರ್ ಅವರು ವಿದ್ಯಾರ್ಥಿಯಾಗುವ ವೇಳೆಗೆ ಈ ನಾಡಿನಲ್ಲಿ ಆ ವಿದ್ಯೆಗೆ ಒಂದು ತಳಹದಿ ಸಿದ್ಧವಾಗಿತ್ತು.

ಅವರ ಸಂಶೋಧನೆಗಳ ಮೊದಲ ಹಂತ ನಡೆದುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ. ಆಗ ಅದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜು. ಅವರು ಆರಿಸಿಕೊಂಡುದು ತುಕ್ಕು ರೋಗ ಮತ್ತು ಕಾಡಿಗೆ ರೋಗಗಳನ್ನು ತರುವ ಶಿಲೀಂಧ್ರಗಳನ್ನು. ಎಲೆಯ ಮೇಲೆ ಕಬ್ಬಿಣದ ತುಕ್ಕಿನಂತೆ ಕೆಂಪು ಪುಡಿ ಎದ್ದರೆ ತುಕ್ಕು ರೋಗ. ಜೋಳದ ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬಿದರೆ ಅಥವಾ ಕಬ್ಬಿನ ಸುಳಿ ಕರಿಯ ಚಾಟಿಯಂತೆ ನೀಳವಾಗಿ ಹೊರಬಂದರೆ ಕಾಡಿಗೆ ರೋಗ. ರೈತನಿಗೆ ಇವು ನಷ್ಟದ ಗುರುತುಗಳು. ವಿಜ್ಞಾನಿಗಾದರೋ ಪ್ರತಿಯೊಂದು ಪುಡಿಯ ಕಣವೂ ಒಂದು ಬೀಜಕ. ಅದರ ಆಕಾರ, ಅದು ಮೊಳೆಯುವ ರೀತಿ, ಅದು ಆಶ್ರಯಿಸುವ ಗಿಡ, ಎಲ್ಲವೂ ಪರಿಶೀಲನೆಗೆ ಯೋಗ್ಯವಾದುವು. ತಿರುಮಲಾಚಾರ್ ಅವರು ಮೈಸೂರು ಸೀಮೆಯ ಇಂತಹ ಶಿಲೀಂಧ್ರಗಳನ್ನು ಸಂಗ್ರಹಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಅದುವರೆಗೆ ಶಾಸ್ತ್ರಕ್ಕೆ ತಿಳಿಯದಿದ್ದ ಹಲವನ್ನು ವರ್ಣಿಸಿದರು. 1944ರಲ್ಲಿ ಒಂದು ಹೊಸ ಕುಲವನ್ನು ಗುರುತಿಸಿ ಅದಕ್ಕೆ ಮುಂಡ್ಕೂರೆಲ್ಲ ಎಂದು ಹೆಸರಿಟ್ಟರು. ಅದು, ಕರಾವಳಿಯ ಮುಂಡ್ಕೂರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಪ್ರಸಿದ್ಧ ಸಸ್ಯರೋಗ ತಜ್ಞ ಬಿ. ಬಿ. ಮುಂಡ್ಕೂರ್ ಅವರಿಗೆ ಸಲ್ಲಿಸಿದ ಗೌರವ. ಮುಂದೆ ಅವರಿಬ್ಬರೂ ಸೇರಿ ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತು ರಚಿಸಿದ ಗ್ರಂಥವು 1952ರಲ್ಲಿ ಇಂಗ್ಲೆಂಡಿನ ಕ್ಯೂ ಎಂಬಲ್ಲಿಂದ ಪ್ರಕಟವಾಯಿತು. ಮುಂಡ್ಕೂರ್ ಅವರು ನಿಧನರಾದುದೂ ಅದೇ ವರ್ಷ.

1940ರ ದಶಕದ ಕೊನೆಯಲ್ಲಿ ತಿರುಮಲಾಚಾರ್ ಅವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಜೆ. ಜಿ. ಡಿಕ್ಸನ್ ಅವರೊಡನೆ ಕಾಡಿಗೆ ಶಿಲೀಂಧ್ರಗಳ ಜೀವನಚಕ್ರವನ್ನು ಅಭ್ಯಾಸಮಾಡಿದರು. ಸ್ವದೇಶಕ್ಕೆ ಮರಳಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಅನಂತರ, ಆಗ ಪಾಟ್ನಾದಲ್ಲಿದ್ದ ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಮಾಡಿದರು. ಅಲ್ಲಿಯವರೆಗೆ ಅವರದು ಸಸ್ಯಗಳ ರೋಗಗಳನ್ನು ಅರಿಯುವ ವೃತ್ತಿ. ಅವರ ಬದುಕಿನ ದಿಕ್ಕು ಬದಲಾದುದು ಪಿಂಪ್ರಿಯಲ್ಲಿ.

ಈ ಬದಲಾವಣೆಯ ಮಹತ್ವವನ್ನು ತಿಳಿಯಬೇಕಾದರೆ ಆ ಕಾಲದ ವೈದ್ಯಶಾಸ್ತ್ರದ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಕ್ಷಯವು ನಮ್ಮ ನಾಡಿನ ಮನೆಮನೆಯನ್ನೂ ಕಾಡಿದ ರೋಗ. ಅರಮನೆಯನ್ನೂ ಅದು ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಅದಕ್ಕೆ ತುತ್ತಾದರು. ಅವರ ಹೆಸರಿನ ಕ್ಷಯರೋಗ ಆಸ್ಪತ್ರೆ ಮೈಸೂರಿನಲ್ಲಿ 1921ರಲ್ಲಿ ತೆರೆಯಿತು. ಆಗ ರೋಗಿಗೆ ಕೊಡಬಹುದಾಗಿದ್ದುದು ವಿಶ್ರಾಂತಿ, ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ಇಷ್ಟೇ. 1943ರಲ್ಲಿ ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಷಾಟ್ಸ್ ಎಂಬ ವಿದ್ಯಾರ್ಥಿ, ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೋಮೈಸಿಸ್ ಎಂಬ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೋಮೈಸಿನ್ ಔಷಧವನ್ನು ಪಡೆದಾಗ, ಕ್ಷಯದ ರೋಗಾಣುವನ್ನು ಹತೋಟಿಗೆ ತರಬಲ್ಲ ಜೀವಿನಿರೋಧಕವೊಂದು ಮೊದಲ ಬಾರಿಗೆ ದೊರೆಯಿತು.

ಆದರೆ ಸಂತೋಷ ಬಹುಕಾಲ ಉಳಿಯಲಿಲ್ಲ. ಬ್ರಿಟನ್ನಿನಲ್ಲಿ 107 ರೋಗಿಗಳ ಮೇಲೆ ನಡೆದು 1948ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ಕೊನೆಗೆ, ಬರಿಯ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14 ಮಂದಿ ಸತ್ತಿದ್ದರು. ಸ್ಟ್ರೆಪ್ಟೋಮೈಸಿನ್ ಪಡೆದ 55 ಮಂದಿಯಲ್ಲಿ ನಾಲ್ವರು ಮಾತ್ರ. ಆದರೂ ಕೆಲವು ತಿಂಗಳ ಬಳಿಕ ಬಹುಮಂದಿಯ ಕಫದಲ್ಲಿ ಆ ಔಷಧಕ್ಕೆ ಜಗ್ಗದ ರೋಗಾಣುಗಳು ಕಾಣಿಸಿಕೊಂಡುವು. ಐದು ವರ್ಷಗಳಲ್ಲಿ ಎರಡು ಗುಂಪುಗಳ ನಡುವಣ ಅಂತರ ಬಹಳ ಕಡಮೆಯಾಗಿಹೋಯಿತು. ಇದು ಹೇಗಾಯಿತು? ಕೋಟ್ಯಂತರ ರೋಗಾಣುಗಳಲ್ಲಿ ಎಲ್ಲೋ ಕೆಲವು ಹುಟ್ಟಿನಿಂದಲೇ ಔಷಧವನ್ನು ತಾಳಿಕೊಳ್ಳುವ ಗುಣ ಪಡೆದಿರುತ್ತವೆ. ಔಷಧವು ಉಳಿದುವನ್ನು ಕೊಂದಾಗ ಈ ಕೆಲವಕ್ಕೆ ಮೈದಾನ ತೆರವಾಗುತ್ತದೆ. ಅವೇ ಬೆಳೆದು ತುಂಬುತ್ತವೆ. ಎರಡು ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ, ಎಲ್ಲವನ್ನೂ ತಾಳಬಲ್ಲ ರೋಗಾಣು ಇರುವುದು ಅತಿ ವಿರಳವಾದುದರಿಂದ ಅಪಾಯ ತಗ್ಗುತ್ತದೆ. ಕ್ಷಯರೋಗಿಗೆ ಇಂದಿಗೂ ಹಲವು ಔಷಧಗಳನ್ನು ಒಟ್ಟಿಗೆ, ನಡುವೆ ಬಿಡದೆ, ತಿಂಗಳುಗಟ್ಟಲೆ ಕೊಡುವುದು ಈ ಕಾರಣಕ್ಕಾಗಿಯೇ.

ಜೀವಿನಿರೋಧಕಗಳಿಂದ ಬಂದ ಇನ್ನೊಂದು ತೊಡಕು ಅಷ್ಟು ಬೇಗ ಎಲ್ಲರ ಗಮನಕ್ಕೂ ಬರಲಿಲ್ಲ. ಅವು ಕೊಲ್ಲುವುದು ಬ್ಯಾಕ್ಟೀರಿಯಗಳನ್ನು. ನಮ್ಮ ಬಾಯಿ ಕರುಳುಗಳಲ್ಲಿ ನಿರಪಾಯವಾಗಿ ಬಾಳುವ ಬ್ಯಾಕ್ಟೀರಿಯಗಳೂ ಅದರೊಡನೆ ಸಾಯುತ್ತವೆ. ಅವು ಆಕ್ರಮಿಸಿದ್ದ ಜಾಗವನ್ನು ಕ್ಯಾಂಡಿಡದಂತಹ ಶಿಲೀಂಧ್ರಗಳು ಹಿಡಿಯುತ್ತವೆ. ಕ್ಷಯ ವಾಸಿಯಾದವರ ಶ್ವಾಸಕೋಶಗಳಲ್ಲಿ ರೋಗವು ಕೊರೆದ ಕುಳಿಗಳು ಉಳಿದಿರುತ್ತವೆ. ಅಲ್ಲಿ ಆಸ್ಪರ್ಜಿಲಸ್ ನೆಲೆಸಿ, ಎಳೆ ಎಳೆಯಾಗಿ ಹೆಣೆದುಕೊಂಡು ಉಂಡೆಯಾಗಿ ಬೆಳೆಯುವುದುಂಟು. ಬ್ರಿಟನ್ನಿನ ವೈದ್ಯರು ಇಂತಹ ಕುಳಿಗಳುಳ್ಳ 544 ಮಂದಿಯನ್ನು ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ನಾಲ್ವರಲ್ಲಿ ಒಬ್ಬರ ರಕ್ತದಲ್ಲಿ ಆ ಶಿಲೀಂಧ್ರದ ಸಂಪರ್ಕದ ಕುರುಹು ಇತ್ತು. ಕ್ಷಯವನ್ನು ಗೆದ್ದು ಮನೆಗೆ ಮರಳಿದವನು ಮತ್ತೆ ರಕ್ತ ಕಾರಿದರೆ, ಅದು ಹಳೆಯ ರೋಗ ಮರುಕಳಿಸಿದುದೋ ಹೊಸ ರೋಗವೋ ಎಂಬುದನ್ನು ಬರಿಗಣ್ಣಿನಿಂದ ಹೇಳಲಾಗದು.

ಶಿಲೀಂಧ್ರಕ್ಕೆ ಔಷಧ ಹುಡುಕುವುದು ಬ್ಯಾಕ್ಟೀರಿಯಕ್ಕೆ ಹುಡುಕುವುದಕ್ಕಿಂತ ಕಷ್ಟ. ಏಕೆಂದರೆ ಶಿಲೀಂಧ್ರದ ಜೀವಕೋಶವು ನಮ್ಮ ಜೀವಕೋಶಕ್ಕೆ ಬಹುಮಟ್ಟಿಗೆ ಹೋಲುತ್ತದೆ. ಅದನ್ನು ಕೊಲ್ಲುವ ವಸ್ತು ರೋಗಿಯನ್ನೂ ಪೀಡಿಸುವ ಸಂಭವವೇ ಹೆಚ್ಚು. 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಮಣ್ಣಿನ ಸ್ಟ್ರೆಪ್ಟೋಮೈಸಿಸ್‌ನಿಂದಲೇ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕವನ್ನು ಪಡೆದು ದಾರಿ ತೋರಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ವೆನೆಜುವೆಲಾದ ಮಣ್ಣಿನಿಂದ ಆಂಫೊಟೆರಿಸಿನ್ ದೊರೆಯಿತು.

ಇತ್ತ ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್‌ಗಳ ನೆರವಿನಿಂದ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬ ಕಾರ್ಖಾನೆಯನ್ನು 1954ರಲ್ಲಿ ಸ್ಥಾಪಿಸಿತು. ಮರುವರ್ಷ ಅಲ್ಲಿ ಪೆನಿಸಿಲಿನ್ ತಯಾರಿಕೆ ಆರಂಭವಾಯಿತು. ಬೇರೆ ದೇಶಗಳು ಕಂಡುಹಿಡಿದ ಔಷಧಗಳನ್ನು ಇಲ್ಲಿ ತಯಾರಿಸಿದರೆ ಸಾಲದು, ನಮ್ಮ ಮಣ್ಣಿನಿಂದಲೇ ಹೊಸ ಔಷಧಗಳನ್ನು ಪಡೆಯಬೇಕು ಎಂಬ ಹಂಬಲ ಆ ಸಂಸ್ಥೆಯ ಸಂಶೋಧನಾ ವಿಭಾಗದ್ದಾಗಿತ್ತು. ತಿರುಮಲಾಚಾರ್ ಅವರು ಆ ವಿಭಾಗವನ್ನು ಸೇರಿ ಮುಂದೆ ಅದರ ಮುಖ್ಯಸ್ಥರಾದರು. ಗಿಡದ ರೋಗಗಳನ್ನು ಬಲ್ಲವರಿಗೆ ಔಷಧದ ಕಾರ್ಖಾನೆಯಲ್ಲಿ ಏನು ಕೆಲಸ ಎಂದು ಯಾರಿಗಾದರೂ ಅನ್ನಿಸಬಹುದು. ನಿಜವಾಗಿ ನೋಡಿದರೆ ಆ ಕೆಲಸಕ್ಕೆ ಅವರಂತಹವರೇ ಬೇಕಾಗಿತ್ತು. ಒಂದು ಚಿಟಿಕೆ ಮಣ್ಣಿನಲ್ಲಿ ಇರುವ ಅಸಂಖ್ಯ ಜೀವಿಗಳಲ್ಲಿ ಯಾವುದು ಹೊಸದು, ಯಾವುದು ಹಳೆಯದು ಎಂದು ಗುರುತಿಸುವ ಕಣ್ಣು ವರ್ಷಗಳ ಅಭ್ಯಾಸದಿಂದ ಮಾತ್ರ ಬರುತ್ತದೆ. 1955ರಲ್ಲಿಯೇ ಅವರು ಇಂತಹ ಮಣ್ಣಿನ ಜೀವಿಗಳಲ್ಲಿ ಒಂದು ಹೊಸ ಕುಲವನ್ನು ಗುರುತಿಸಿ, ಪೆನಿಸಿಲಿನ್ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಪಡೆದ ಅರ್ನ್ಸ್ಟ್ ಚೈನ್ ಅವರ ಗೌರವಾರ್ಥ ಚೈನಿಯ ಎಂದು ಹೆಸರಿಟ್ಟರು.

ಮಣ್ಣಿನಿಂದ ಮದ್ದು ತೆಗೆಯುವ ಕೆಲಸದ ರೀತಿ ಹೀಗಿದೆ. ಮಣ್ಣನ್ನು ನೀರಿನಲ್ಲಿ ಕದಡಿ, ಮತ್ತೆ ಮತ್ತೆ ತೆಳುವಾಗಿಸಿ, ಪೋಷಕ ಅಂಟನ್ನು ಹೊಯ್ದ ಗಾಜಿನ ತಟ್ಟೆಗಳಲ್ಲಿ ಹರಡುತ್ತಾರೆ. ಕೆಲವು ದಿನಗಳಲ್ಲಿ ಅಲ್ಲಲ್ಲಿ ಚುಕ್ಕೆಗಳಂತೆ ಜೀವಿಗಳ ಗುಂಪುಗಳು ಮೂಡುತ್ತವೆ. ಅವುಗಳನ್ನು ಒಂದೊಂದಾಗಿ ಬೇರ್ಪಡಿಸಿ, ರೋಗ ತರುವ ಶಿಲೀಂಧ್ರದ ಪಕ್ಕದಲ್ಲಿ ಬೆಳೆಸುತ್ತಾರೆ. ಯಾವ ಗುಂಪಿನ ಸುತ್ತ ಶಿಲೀಂಧ್ರ ಬೆಳೆಯದೆ ತೆರವಾದ ವೃತ್ತ ಉಳಿಯುತ್ತದೆಯೋ ಅದು ಏನೋ ಒಂದು ವಿಷವಸ್ತುವನ್ನು ಹೊರಸೂಸುತ್ತಿದೆ ಎಂದು ಅರ್ಥ. ಬಳಿಕ ಆ ಜೀವಿಯನ್ನು ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ, ವಸ್ತುವನ್ನು ಶುದ್ಧಿಗೊಳಿಸಿ, ಪ್ರಾಣಿಗಳ ಮೇಲೆ ಪರೀಕ್ಷಿಸಬೇಕು. ಸಾವಿರಾರು ತಟ್ಟೆಗಳಲ್ಲಿ ಒಂದೆರಡು ಮಾತ್ರ ಈ ಕೊನೆಯ ಹಂತವನ್ನು ಮುಟ್ಟಿದರೆ ಹೆಚ್ಚು. ಅವುಗಳಲ್ಲಿಯೂ ಬಹುಪಾಲು ಮನುಷ್ಯನಿಗೆ ವಿಷವೆಂದು ಕೈಬಿಡಬೇಕಾಗುತ್ತದೆ.

ತಿರುಮಲಾಚಾರ್ ಮತ್ತು ಅವರ ಸಹೋದ್ಯೋಗಿಗಳ ಇಂತಹ ಶ್ರಮಕ್ಕೆ 1961ರಲ್ಲಿ ಫಲ ದೊರೆಯಿತು. ಅವರು ಗುರುತಿಸಿದ ಜೀವಿಗೆ ಪಿಂಪ್ರಿಯ ಹೆಸರನ್ನೇ ಇಟ್ಟು ಸ್ಟ್ರೆಪ್ಟೋಮೈಸಿಸ್ ಪಿಂಪ್ರಿನ ಎಂದು ಕರೆದರು. ಅದರಿಂದ ಬಂದ ಶಿಲೀಂಧ್ರನಾಶಕಕ್ಕೆ ಕಾರ್ಖಾನೆಯ ಹೆಸರಿನ ಮೊದಲಕ್ಷರಗಳಿಂದ ಹ್ಯಾಮೈಸಿನ್ ಎಂಬ ಹೆಸರು ಬಂದಿತು. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಮೇದೋವಸ್ತುವಿದೆ. ನಮ್ಮ ಜೀವಕೋಶದ ಪೊರೆಯಲ್ಲಿ ಅದರ ಬದಲು ಕೊಲೆಸ್ಟೆರಾಲ್ ಇದೆ. ಹ್ಯಾಮೈಸಿನ್ನಿನ ಕಣಗಳು ಎರ್ಗೊಸ್ಟೆರಾಲನ್ನು ಹಿಡಿದು ಪೊರೆಯಲ್ಲಿ ರಂಧ್ರಗಳನ್ನು ಉಂಟುಮಾಡುತ್ತವೆ. ಒಳಗಿನ ಲವಣಗಳು ಸೋರಿ ಶಿಲೀಂಧ್ರ ಸಾಯುತ್ತದೆ. ಎರಡು ವಸ್ತುಗಳ ನಡುವಣ ಈ ಸಣ್ಣ ಭೇದವೇ ರೋಗಿಯ ಪಾಲಿಗೆ ರಕ್ಷೆ. ಬಾಯಿಯ ಹುಣ್ಣು, ಕಿವಿಯ ಬೂಷ್ಟು, ಚರ್ಮದ ಸೋಂಕು ಮುಂತಾದುವುಗಳಲ್ಲಿ ಹ್ಯಾಮೈಸಿನ್ ಬಳಕೆಗೆ ಬಂದಿತು. ಹುಳುಕಡ್ಡಿಯಂತಹ ಚರ್ಮರೋಗಗಳ ಮೇಲೆ ಪ್ರಯೋಗಿಸಲು ಡರ್ಮೊಸ್ಟಾಟಿನ್ ಎಂಬ ಇನ್ನೊಂದು ಔಷಧವೂ ಇದೇ ಪ್ರಯೋಗಶಾಲೆಯಿಂದ ಹೊರಬಂದಿತು.

ಶ್ವಾಸಕೋಶದ ಆಳದಲ್ಲಿ ಬೇರೂರಿದ ರೋಗವನ್ನು ಗೆಲ್ಲುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ಅಮೆರಿಕದ ವೈದ್ಯರು 1960ರ ದಶಕದಲ್ಲಿ ಹ್ಯಾಮೈಸಿನ್ನನ್ನು ಶ್ವಾಸಕೋಶಗಳನ್ನು ಹಿಡಿಯುವ ಬ್ಲಾಸ್ಟೊಮೈಕೋಸಿಸ್ ಎಂಬ ಶಿಲೀಂಧ್ರ ರೋಗದಲ್ಲಿ ಬಾಯಿಯ ಮೂಲಕ ಕೊಟ್ಟು ಪರೀಕ್ಷಿಸಿದರು. ಫಲ ಒಂದೇ ಸಮನಾಗಿರಲಿಲ್ಲ. ಔಷಧವು ಕರುಳಿನಿಂದ ರಕ್ತಕ್ಕೆ ಸಾಕಷ್ಟು ಸೇರುತ್ತಿರಲಿಲ್ಲ. ಮುಂದೆ 1990ರ ದಶಕದಲ್ಲಿ ದೆಹಲಿಯ ವಿಜ್ಞಾನಿಗಳು ಅದನ್ನು ಸೂಕ್ಷ್ಮವಾದ ಮೇದಸ್ಸಿನ ಗುಳಿಗೆಗಳೊಳಗಿಟ್ಟು ಆಸ್ಪರ್ಜಿಲಸ್ ತಗುಲಿದ ಇಲಿಗಳಲ್ಲಿ ಪ್ರಯೋಗಿಸಿದರು. ಒಡಲೊಳಗಿನ ಶಿಲೀಂಧ್ರರೋಗಗಳಿಗೆ ಮುಖ್ಯ ಔಷಧವಾಗಿ ನಿಂತುದು, ಹ್ಯಾಮೈಸಿನ್ನಿನ ಗುಂಪಿಗೇ ಸೇರಿದ ಆಂಫೊಟೆರಿಸಿನ್. 2021ರಲ್ಲಿ ಕೊರೋನ ಪಿಡುಗಿನ ಜೊತೆಗೆ ಕಪ್ಪು ಶಿಲೀಂಧ್ರವೆಂದು ಜನ ಕರೆದ ರೋಗ ಕರ್ನಾಟಕದಲ್ಲಿಯೂ ಹರಡಿದಾಗ, ಈ ಔಷಧದ ಅಭಾವದಿಂದ ಎಷ್ಟೋ ಕುಟುಂಬಗಳು ಪರದಾಡಿದುವು. ಮೂತ್ರಪಿಂಡಗಳಿಗೆ ಕೇಡು ಮಾಡಬಲ್ಲ, ಅರವತ್ತು ವರ್ಷಕ್ಕೂ ಹಳೆಯದಾದ ಆ ಔಷಧಕ್ಕೆ ಬದಲು ಯಾವುದನ್ನು ಕೊಡುವುದೆಂದು ವೈದ್ಯರು ಚಿಂತಿಸುವಂತಾಯಿತು. ತಿರುಮಲಾಚಾರ್ ಅವರು ಕೈಹಾಕಿದ ಕಾರ್ಯ ಎಂತಹುದೆಂಬುದು ಇದರಿಂದ ತಿಳಿಯುತ್ತದೆ.

ಗಿಡಗಳನ್ನು ಅವರು ಮರೆಯಲಿಲ್ಲ. 1964ರಲ್ಲಿ ಅವರ ಬಳಗ ಪ್ರಕಟಿಸಿದ ಆರಿಯೊಫಂಗಿನ್ ಬೆಳೆಗಳಿಗಾಗಿಯೇ ಮೀಸಲಾದ ಶಿಲೀಂಧ್ರನಾಶಕ. ಭತ್ತದ ಬೆಂಕಿ ರೋಗ, ನಿಂಬೆ ಕಿತ್ತಳೆಗಳ ಅಂಟು ಸೋರುವ ರೋಗ ಮೊದಲಾದುವುಗಳಲ್ಲಿ ಅದನ್ನು ಪ್ರಯೋಗಿಸಿದರು. ಮದ್ದೂರು ಮಳವಳ್ಳಿಗಳ ರೈತರು ತೆಂಗಿನ ಅಣಬೆ ರೋಗವನ್ನು ಬಲ್ಲರು. ಬುಡದಿಂದ ಕಂದು ರಸ ಸೋರಿ, ಗರಿಗಳು ಜೋತು, ಕೊನೆಗೆ ಮರವೇ ಒಣಗುತ್ತದೆ. ಈ ರೋಗವೇ ತಮಿಳುನಾಡಿನಲ್ಲಿ ತಂಜಾವೂರು ಸೊರಗು ರೋಗವೆನಿಸಿದೆ. ಮರದ ಎಳೆಯ ಬೇರೊಂದನ್ನು ಓರೆಯಾಗಿ ಕತ್ತರಿಸಿ, ಔಷಧದ ದ್ರಾವಣವಿರುವ ಚೀಲದಲ್ಲಿ ಅದನ್ನು ಅದ್ದಿ ಕಟ್ಟಿ, ಮರವೇ ಔಷಧವನ್ನು ಹೀರುವಂತೆ ಮಾಡುವ ಕ್ರಮದಲ್ಲಿ ಆರಿಯೊಫಂಗಿನ್ ಬಳಕೆಯಾಯಿತು.

ಹೊಲದ ಮದ್ದಿಗೂ ಆಸ್ಪತ್ರೆಯ ಮದ್ದಿಗೂ ಇರುವ ನಂಟಿನಲ್ಲಿ ಒಂದು ಅಪಾಯವೂ ಅಡಗಿದೆ. ಅದು ಬೆಳಕಿಗೆ ಬಂದುದು ಆಮೇಲೆ. ತಿರುಮಲಾಚಾರ್ ಅವರ ಔಷಧಗಳ ವರ್ಗಕ್ಕೆ ಶಿಲೀಂಧ್ರಗಳು ನಿರೋಧಶಕ್ತಿಯನ್ನು ಪಡೆಯುವುದು ವಿರಳ. ಆದರೆ ಅನಂತರ ಬಂದ ಎಜೋಲ್ ಎಂಬ ವರ್ಗದ ಔಷಧಗಳು ನುಂಗಲು ಸುಲಭವಾದುದರಿಂದ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದುವು. ಅದೇ ವರ್ಗದ ರಾಸಾಯನಿಕಗಳನ್ನು ಹೊಲಗಳಿಗೂ ಸಿಂಪಡಿಸತೊಡಗಿದರು. ಹೊಲದ ಮಣ್ಣಿನಲ್ಲಿರುವ ಆಸ್ಪರ್ಜಿಲಸ್ ಆ ಸಿಂಪಡಣೆಯಲ್ಲಿಯೇ ಬಾಳಿ, ಎಜೋಲಿಗೆ ಬಗ್ಗದ ತಳಿಗಳಾಗಿ ಬೆಳೆಯಿತು. ಇಂತಹ ಬೀಜಕವು ಉಸಿರಿನೊಡನೆ ಒಳಸೇರಿದರೆ, ಎಂದೂ ಆ ಔಷಧವನ್ನು ಸೇವಿಸದ ರೋಗಿಯಲ್ಲಿಯೂ ಔಷಧ ನಿಷ್ಫಲವಾಗುತ್ತದೆ. ಮೊದಲು ನೆದರ್ಲೆಂಡ್ಸ್ ದೇಶದಲ್ಲಿ ಕಂಡ ಇಂತಹ ತಳಿಗಳು ಭಾರತದಲ್ಲಿಯೂ ಇರುವುದನ್ನು ದೆಹಲಿಯ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಮೊಟ್ಟಮೊದಲಿಗೆ ಸಿದ್ಧಪಡಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅಗ್ರಶ್ರೇಣಿಯಲ್ಲಿದೆ. ನೆನೆದ ಹುಲ್ಲಿನ ಮೆದೆಯಲ್ಲಿ ಬೆಳೆಯುವ ಶಿಲೀಂಧ್ರಗಳಲ್ಲಿ ಅದೂ ಒಂದು.

ಪಿಂಪ್ರಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಬಳಿಕ ತಿರುಮಲಾಚಾರ್ ಅವರು ಅಮೆರಿಕಕ್ಕೆ ತೆರಳಿದರು. ಕ್ಯಾಲಿಫೋರ್ನಿಯದ ವಾಲ್‌ನಟ್ ಕ್ರೀಕ್ ಎಂಬಲ್ಲಿ ಒಂದು ಸಂಶೋಧನಾ ಸಂಸ್ಥೆಯನ್ನು ಕಟ್ಟುವುದರಲ್ಲಿ ಪಾಲುಗೊಂಡರು. ಜೀರ್‌ಸನ್ನಿಧಿ ಆಂಡರ್ಸನ್ ಎಂಬ ಅದರ ಹೆಸರಿನಲ್ಲಿ ಅವರ ಮನೆತನದ ಹೆಸರೂ ಕೂಡಿಕೊಂಡಿತು. ಭಾರತದ ಎರಡು ಪ್ರಮುಖ ವಿಜ್ಞಾನ ಅಕಾಡೆಮಿಗಳು ಅವರನ್ನು ಸದಸ್ಯರನ್ನಾಗಿ ಚುನಾಯಿಸಿದ್ದುವು. ಅವರು 1999ರಲ್ಲಿ ನಿಧನರಾದರು.

ಜೀವಿಗಳಿಗೆ ಇಟ್ಟ ಹೆಸರುಗಳು ಎಲ್ಲವೂ ಉಳಿಯುವುದಿಲ್ಲ. ಅವರು ಚೈನ್ ಅವರ ಹೆಸರಿನಲ್ಲಿ ಸ್ಥಾಪಿಸಿದ ಕುಲವನ್ನು ಈಚಿನ ವಿಜ್ಞಾನಿಗಳು ಸ್ಟ್ರೆಪ್ಟೋಮೈಸಿಸ್ ಕುಲದಲ್ಲಿ ಸೇರಿಸಿಬಿಟ್ಟಿದ್ದಾರೆ. ಮುಂಡ್ಕೂರೆಲ್ಲ ಈಗಲೂ ಶಿಲೀಂಧ್ರಗಳ ಗ್ರಂಥಗಳಲ್ಲಿದೆ. ಅದೇ ಗ್ರಂಥಗಳಲ್ಲಿ, ಗಿಡಗಳ ಎಲೆಗಳ ಮೇಲೆ ಬಾಳುವ ಒಂದು ಸಣ್ಣ ಶಿಲೀಂಧ್ರದ ಕುಲಕ್ಕೆ ಬೇರೊಬ್ಬ ಭಾರತೀಯ ವಿಜ್ಞಾನಿ ಕೊಟ್ಟ ಹೆಸರು ತಿರುಮಲಾಚಾರಿಯ.